ದೊಡ್ಡಮ್ಮನ ಉಪ್ಪಿನ ಮರಿಗೆ

ನಮ್ಮ ದೊಡ್ಡಮ್ಮನ ಕೊರಳಲ್ಲಿ ಒಂದು ಗಡ್ಡೆಯಿತ್ತು. ಮಲೆನಾಡಿನ ನಮ್ಮೂರಿನಲ್ಲಿ ಅಂಥ ಕೊರಳು ಇನ್ನೂ ನಾಲ್ಕಾರು ಇದ್ದುದರಿಂದ ಯಾರಿಗೂ ಅದು ವಿಶೇಷವಾಗಿರಲಿಲ್ಲ. ಗಳಗಂಡ ಎನ್ನುತ್ತಿದ್ದರು. ಮದುವೆಮನೆಗೆ ಹೊರಟಾಗ ಮಾತ್ರ ದೊಡ್ಡಮ್ಮ ಸೆರಗನ್ನು ಕೊರಳ ಸುತ್ತ ಎಳೆದುಕೊಳ್ಳುತ್ತಿದ್ದಳು. ಅವಳ ಕೊನೆಯ ಮಗನಿಗೆ ಕಿವಿ ಕೇಳಿಸದು, ಮಾತು ಬಾರದು. "ಗ್ರಹಣದಲ್ಲಿ ಹೊರಗೆ ಬಂದಿದ್ದೆಯೇನೇ?" ಎಂದು ಬಂದವರೆಲ್ಲ ಅವಳನ್ನೇ ಕೇಳುವವರು.

ಉತ್ತರ ಬೇರೆ ಕಡೆ ಇತ್ತು. 1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕೂರ್ತ್ವಾ, ಯುದ್ಧದ ಮದ್ದಿಗೆ ಬೇಕಾದ ಪೆಟ್ಲುಪ್ಪಿಗಾಗಿ ಕಡಲಪಾಚಿಯ ಬೂದಿಯ ಕೆಲಸದಲ್ಲಿದ್ದಾಗ ನೇರಳೆ ಬಣ್ಣದ ಆವಿ ಎದ್ದಿತು. ಅದೇ ಅಯೋಡಿನ್. ಇದು ಆಮ್ಲಜನಕದೊಡನೆ ಸೇರಿ ಆಗುವ ಆಮ್ಲಗಳಲ್ಲಿ ಅಯೋಡಿಕ್ ಆಮ್ಲ ಒಂದು. ನೋಡಲು ಬಿಳಿಯ ಹರಳು. ಅದರಲ್ಲಿರುವ ಜಲಜನಕದ ಜಾಗಕ್ಕೆ ಪೊಟ್ಯಾಸಿಯಂ ಬಂದರೆ ಪೊಟ್ಯಾಸಿಯಂ ಅಯೋಡೇಟ್. ನಮ್ಮ ಅಡುಗೆಮನೆಗೆ ಬಂದಿರುವುದು ಇದು.

ಬೆಟ್ಟದ ಸೀಮೆಯ ಮಣ್ಣಿನ ಅಯೋಡಿನ್ ಮಳೆಗೆ ತೊಳೆದುಹೋಗುತ್ತದೆ. ಅದು ಸಾಲದಾದಾಗ ಕೊರಳಿನ ಥೈರಾಯ್ಡ್ ಗ್ರಂಥಿ ಊದಿಕೊಳ್ಳುತ್ತದೆ. ಬಸುರಿಗೆ ಕೊರತೆಯಾದರೆ ಮಗುವಿನ ಮಿದುಳು, ಕಿವಿ ಎರಡಕ್ಕೂ ಪೆಟ್ಟು. 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಲಯದ ಕಾಂಗ್ರಾ ಕಣಿವೆಯನ್ನು ಮೂರು ಭಾಗ ಮಾಡಿ, ಎರಡಕ್ಕೆ ಅಯೋಡಿನ್ ಬೆರೆತ ಉಪ್ಪು, ಒಂದಕ್ಕೆ ಬರಿಯ ಉಪ್ಪು ಕೊಟ್ಟು ನೋಡಿದರು. 1962ರ ಹೊತ್ತಿಗೆ ಮೊದಲಿನ ಎರಡರಲ್ಲಿ ಗಳಗಂಡ ಬಹಳ ಇಳಿದಿತ್ತು. ಬರಿಯ ಉಪ್ಪಿನ ಕಡೆ ಇಳಿದಿರಲಿಲ್ಲ. ಅದೇ ವರ್ಷ ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು.

ಅಯೋಡೇಟನ್ನೇ ಏಕೆ ಆರಿಸಿದರು? ಪೊಟ್ಯಾಸಿಯಂ ಅಯೋಡೈಡ್ ನಮ್ಮ ಒದ್ದೆ ಹವೆಗೆ ಕೆಟ್ಟು, ಅಯೋಡಿನ್ ಆವಿಯಾಗಿ ಹಾರಿಹೋಗುತ್ತದೆ. ಅಯೋಡೇಟಿನಲ್ಲಿ ಆಮ್ಲಜನಕ ಮೊದಲೇ ಸೇರಿರುವುದರಿಂದ ಗಾಳಿ ಅದನ್ನು ಅಷ್ಟು ಸುಲಭವಾಗಿ ಕೆಡಿಸಲಾರದು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ, ಬಸುರಿಗೆ 250. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲು ಒಂದು ಮೈಕ್ರೋಗ್ರಾಂ! ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರಬಾರದೆಂಬ ನಿಯಮ 1998ರಲ್ಲಿ ಬಂದು, 2000ದಲ್ಲಿ ಹೋಗಿ, 2006ರಲ್ಲಿ ಮತ್ತೆ ಜಾರಿಗೆ ಬಂತು.

ದೊಡ್ಡಮ್ಮ ಕಲ್ಲುಪ್ಪನ್ನು ತೊಳೆದೇ ಮರಿಗೆಗೆ ತುಂಬುತ್ತಿದ್ದಳು. ಅವಳಿಂದ ಕಲಿತ ನಾನೂ, ಅಯೋಡಿನ್ ಬೆರೆತ ಹರಳುಪ್ಪನ್ನು ಎಷ್ಟೋ ವರ್ಷ ತೊಳೆದೆ! ಮೇಲಿನ ಅಯೋಡೇಟು ನೀರಿನೊಡನೆ ಬಚ್ಚಲಿಗೆ ಹೋಗುತ್ತಿತ್ತು. ನೀವು ಹಾಗೆ ಮಾಡಬೇಡಿ. ಡಬ್ಬಿಯ ಮುಚ್ಚಳ ಭದ್ರವಾಗಿರಲಿ, ಒಲೆಯಿಂದ ದೂರವಿರಲಿ.

ನಮ್ಮಣ್ಣನಿಗೆ ಆದದ್ದು ಈ ಕೊರತೆಯಿಂದಲೇ ಎಂದು ಪರೀಕ್ಷಿಸಿ ಹೇಳಿದ ವೈದ್ಯರಿಲ್ಲ. ಗ್ರಹಣದಿಂದ ಅಲ್ಲ ಎಂಬುದಂತೂ ಖಂಡಿತ. ಅಷ್ಟು ಮಾತನ್ನಾದರೂ ದೊಡ್ಡಮ್ಮ ಬದುಕಿದ್ದಾಗ ಯಾರಾದರೂ ಅವಳಿಗೆ ಹೇಳಬೇಕಿತ್ತು.