ಅಸಲಿ ಮಾತ್ರೆಯ ಮೊಕದ್ದಮೆ

ಎದೆಯುರಿಗೆ ನಮ್ಮಲ್ಲಿ ಹೆಸರುಗಳು ಹಲವು. ಹುಳಿತೇಗು, ಪಿತ್ತ, ಆಸಿಡಿಟಿ. ಬೆಂಗಳೂರಿನ ಕಡೆಗೆ ಬಂದರೆ ಎಲ್ಲಕ್ಕೂ ಸೇರಿಸಿ ‘ಗ್ಯಾಸ್ಟ್ರಿಕ್’. ಅದಕ್ಕೆ ನುಂಗುವ ಮಾತ್ರೆ ಮಾತ್ರ ಬಹಳ ವರ್ಷ ಒಂದೇ ಆಗಿತ್ತು. ಪಟ್ಟಿಯ ಮೇಲೆ ಜಿನೆಟ್ಯಾಕ್ ಎಂದೋ, ರಾಂಟ್ಯಾಕ್ ಎಂದೋ, ಅಸಿಲಾಕ್ ಎಂದೋ ಅಚ್ಚಾಗಿದ್ದರೂ ಒಳಗಿದ್ದದ್ದು ರಾನಿಟಿಡಿನ್. ಮುಂಬಯಿಯಲ್ಲಿ ಲೋಕಲ್ ಹಿಡಿಯುವ ಅವಸರದಲ್ಲಿ ಊಟದ ಹೊತ್ತು ತಪ್ಪಿದವರು, ಹೋಟೆಲಿನಲ್ಲಿ ಎಲ್ಲರಿಗೂ ಬಡಿಸಿ ತಾವು ಮಧ್ಯರಾತ್ರಿಗೆ ಉಣ್ಣುವವರು, ಡಾಕ್ಟರ ಚೀಟಿಯ ಗೊಡವೆಯಿಲ್ಲದೆ ಇದನ್ನು ಕೊಂಡು ನುಂಗಿದರು.

2024ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಗ್ಲಾಕ್ಸೋಸ್ಮಿತ್‌ಕ್ಲೈನ್ ಕಂಪನಿ ಇದೇ ಮಾತ್ರೆಯ ಕುರಿತು ಅಮೆರಿಕದ ಕೋರ್ಟುಗಳಲ್ಲಿದ್ದ ಸುಮಾರು 80,000 ದಾವೆಗಳನ್ನು 220 ಕೋಟಿ ಡಾಲರ್‌ವರೆಗೆ ಕೊಟ್ಟು ಮುಗಿಸಿಕೊಳ್ಳಲು ಒಪ್ಪಿತು. ಮಾತ್ರೆಯಿಂದ ಕ್ಯಾನ್ಸರ್ ಬಂತು ಎಂಬುದು ದಾವೆದಾರರ ದೂರು. ಕಂಪನಿ ಹಣ ಕೊಡಲು ಒಪ್ಪಿತೇ ಹೊರತು ತಪ್ಪನ್ನು ಒಪ್ಪಲಿಲ್ಲ. ಅದೇ ಕಂಪನಿಯ ಭಾರತೀಯ ಶಾಖೆಯ ಮುಖ್ಯ ಕಚೇರಿ ಇರುವುದು ಮುಂಬಯಿಯ ವರಳಿಯಲ್ಲಿ. ಅಲ್ಲಾಗಲಿ, ಅದೇ ಮಾತ್ರೆಯನ್ನು ನುಂಗಿದ ನಮ್ಮ ಬೇರೆ ಊರುಗಳಲ್ಲಾಗಲಿ ಅಂಥ ಸಾಮೂಹಿಕ ದಾವೆ ಏಳಲಿಲ್ಲ. ಏಕೆ ಎಂಬುದನ್ನು ತಿಳಿಯಲು ಮುಂಬಯಿಯ ಔಷಧ ಚರಿತ್ರೆಯೊಳಗೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗ್ಲಾಕ್ಸೋ ಈ ಊರಿಗೆ ಬಂದದ್ದು ಔಷಧಿಯ ಹೆಸರಿನಲ್ಲಲ್ಲ, ಮಗುವಿನ ಹಾಲಿನ ಪುಡಿಯ ಹೆಸರಿನಲ್ಲಿ. 1924ರಲ್ಲಿ ಎಚ್.ಜೆ. ಫಾಸ್ಟರ್ ಎಂಬ ಕಂಪನಿ ಆ ಪುಡಿಯನ್ನು ಮಾರಲೆಂದೇ ಹುಟ್ಟಿತು. ಇಂದಿನ ಭಾರತೀಯ ಕಂಪನಿಯ ಮೂಲ ಅದು. ರಾನಿಟಿಡಿನ್ ಹುಟ್ಟಿದ್ದು ಐವತ್ತು ವರ್ಷಗಳ ನಂತರ, ಇಂಗ್ಲೆಂಡಿನ ವೇರ್ ಎಂಬ ಪಟ್ಟಣದಲ್ಲಿ, ಗ್ಲಾಕ್ಸೋಗೆ ಸೇರಿದ ಪ್ರಯೋಗಾಲಯದಲ್ಲಿ. ಹೊಟ್ಟೆಯ ಆಮ್ಲವನ್ನು ಹುಟ್ಟುವಲ್ಲಿಯೇ ತಡೆಯುವ ದಾರಿಯನ್ನು ಮೊದಲು ತೋರಿಸಿದವರು ಜೇಮ್ಸ್ ಬ್ಲ್ಯಾಕ್. ಅವರ ತಂಡದ ಸಿಮೆಟಿಡಿನ್ 1976ರಲ್ಲಿ ಮಾರುಕಟ್ಟೆಗೆ ಬಂತು. 1988ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ಗ್ಲಾಕ್ಸೋದ ಡೇವಿಡ್ ಜ್ಯಾಕ್ ಮತ್ತು ಸಂಗಡಿಗರು ಅದೇ ದಾರಿಯಲ್ಲಿ ನಡೆದು, 1981ರಲ್ಲಿ ಝಾಂಟ್ಯಾಕ್ ಹೆಸರಿನಲ್ಲಿ ರಾನಿಟಿಡಿನ್ ತಂದರು. ಆ ದಶಕದ ಕೊನೆಗೆ ಅದು ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾಗುವ ಔಷಧಿಯಾಗಿತ್ತು.

ಭಾರತದಲ್ಲಿ ಅದು ಬೇಗನೆ ಅಗ್ಗವಾದದ್ದಕ್ಕೆ ಕಾರಣ 1970ರ ಪೇಟೆಂಟ್ ಕಾಯ್ದೆ. ಔಷಧಿಗೆ ಪೇಟೆಂಟ್ ಇಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಉಂಟು ಎಂದಿತು ಆ ಕಾಯ್ದೆ. ಮುಂಬಯಿಯ ಜೆ.ಬಿ. ಕೆಮಿಕಲ್ಸ್ ರಾಂಟ್ಯಾಕ್ ತಂದಿತು, ಅಹಮದಾಬಾದಿನ ಕ್ಯಾಡಿಲಾ ಅಸಿಲಾಕ್ ತಂದಿತು, ಗ್ಲಾಕ್ಸೋ ಜಿನೆಟ್ಯಾಕ್ ಮಾರಿತು. ಬಡವರ ಕೈಗೂ ಎಟುಕಿದ ಮದ್ದು ಅದು. ಹುಣ್ಣಿಗಾಗಿ ಹೊಟ್ಟೆ ಕೊಯ್ಯಿಸಿಕೊಳ್ಳುತ್ತಿದ್ದ ಒಂದು ತಲೆಮಾರನ್ನು ಈ ಬಗೆಯ ಮಾತ್ರೆಗಳೇ ಶಸ್ತ್ರಚಿಕಿತ್ಸೆಯ ಮೇಜಿನಿಂದ ಉಳಿಸಿದವು. ಮುಂದಿನ ಕಥೆ ಓದುವಾಗ ಇದನ್ನು ಮರೆಯುವುದು ನ್ಯಾಯವಲ್ಲ.

2019ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ಆಡಳಿತವು ರಾನಿಟಿಡಿನ್‌ನಲ್ಲಿ ಎನ್‌ಡಿಎಂಎ ಎಂಬ ಕಲ್ಮಶ ಸಿಕ್ಕಿದೆ ಎಂದು ಪ್ರಕಟಿಸಿತು. ಪ್ರಾಣಿಗಳಲ್ಲಿ ಕ್ಯಾನ್ಸರ್ ತರುವ, ಮನುಷ್ಯರಲ್ಲೂ ತರಬಹುದಾದ ವಸ್ತು ಇದು. ದಿನಕ್ಕೆ 96 ನ್ಯಾನೋಗ್ರಾಂ ಮೀರಬಾರದು ಎಂಬುದು ಅವರ ಮಿತಿ. ಒಂದು ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಭಾಗ. ಮೊದಲು ಎಲ್ಲರೂ ಬೆರಳು ತೋರಿಸಿದ್ದು ಕಾರ್ಖಾನೆಯ ಕಡೆಗೆ. ಆಮೇಲೆ ತಿಳಿಯಿತು, ಕಲ್ಮಶ ಹೊರಗಿನಿಂದ ಸೇರಬೇಕೆಂದೇನೂ ಇಲ್ಲ; ರಾನಿಟಿಡಿನ್ ತಾನೇ ಒಡೆದು ಅದನ್ನು ಹುಟ್ಟಿಸಬಲ್ಲದು. ಇಟ್ಟಲ್ಲಿ ಕಾಲ ಕಳೆದಂತೆ ಹೆಚ್ಚುತ್ತದೆ, ಬಿಸಿಯಲ್ಲಿ ಇನ್ನೂ ಬೇಗ ಹೆಚ್ಚುತ್ತದೆ. 2020ರ ಏಪ್ರಿಲ್ 1ರಂದು ಅಮೆರಿಕ ಎಲ್ಲ ರಾನಿಟಿಡಿನ್ ಅನ್ನೂ ಮಾರುಕಟ್ಟೆಯಿಂದ ತೆಗೆಯಿರಿ ಎಂದಿತು. ಮೇ ತಿಂಗಳ ಮುಂಬಯಿಯಲ್ಲಿ, ತಗಡಿನ ಮಾಡಿನ ಗೋದಾಮಿನಲ್ಲಿ ಮಾತ್ರೆಯ ಪೆಟ್ಟಿಗೆ ಎಷ್ಟು ಕಾಯುತ್ತದೆ ಎಂಬುದನ್ನು ನೀವೇ ಊಹಿಸಿ.

ಭಾರತದ ಔಷಧ ಮಹಾನಿಯಂತ್ರಕರು 2019ರ ಸೆಪ್ಟೆಂಬರಿನಲ್ಲೇ ರಾಜ್ಯಗಳಿಗೆ ಪತ್ರ ಬರೆದರು. ಕಂಪನಿಗಳೇ ಪರೀಕ್ಷಿಸಿಕೊಂಡು ಕ್ರಮ ಕೈಗೊಳ್ಳಲಿ ಎಂಬ ಧಾಟಿ. ಗ್ಲಾಕ್ಸೋ ಜಿನೆಟ್ಯಾಕ್ ಪೂರೈಕೆಯನ್ನು ತಾನಾಗಿ ನಿಲ್ಲಿಸಿತು. ನಿಷೇಧ ಬರಲಿಲ್ಲ. 2022ರಲ್ಲಿ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದ ರಾನಿಟಿಡಿನ್ ಹೊರಬಿತ್ತು.

ಈ ಕಥೆಯಲ್ಲಿ ಲೆಕ್ಕಕ್ಕೆ ಸಿಕ್ಕ ನಷ್ಟ ಕನ್ನಡ ನಾಡಿನ ನೆಲದಲ್ಲೇ ಇದೆ. ಕೋಲಾರದ ವೇಮಗಲ್‌ನಲ್ಲಿ ಗ್ಲಾಕ್ಸೋ ಸುಮಾರು 1,000 ಕೋಟಿ ರೂಪಾಯಿಯ ಹೊಸ ಕಾರ್ಖಾನೆ ಕಟ್ಟಿಸಿತ್ತು. ಅದರ ಲೆಕ್ಕಾಚಾರದಲ್ಲಿ ಜಿನೆಟ್ಯಾಕ್‌ನ ಪಾಲು ದೊಡ್ಡದು. ಮಾತ್ರೆ ನಿಂತ ಮೇಲೆ ಕಂಪನಿ 600 ಕೋಟಿಗೂ ಮೀರಿದ ಮೊತ್ತವನ್ನು ತನ್ನ ಪುಸ್ತಕದಲ್ಲಿ ನಷ್ಟವೆಂದು ಬರೆದುಕೊಂಡಿತು. ಕೊನೆಗೆ ಕಾರ್ಖಾನೆಯನ್ನು ಹೆಟಿರೋ ಕಂಪನಿಗೆ 180 ಕೋಟಿಗೆ ಮಾರಿತು. ಷೇರುದಾರರಿಗೆ ಪೈಸೆ ಪೈಸೆಯ ಲೆಕ್ಕ ಸಿಕ್ಕಿತು. ಮಾತ್ರೆ ನುಂಗಿದವರಿಗೆ ಅಂಥ ಪುಸ್ತಕ ಯಾವುದೂ ಇರಲಿಲ್ಲ.

ನಮ್ಮವರಿಗೆ ಕೋರ್ಟಿನ ಅಭ್ಯಾಸವಿಲ್ಲ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ, ಎರಡು ಅಡಿ ಗೋಡೆಗೆ ಇಪ್ಪತ್ತು ವರ್ಷ ಕೋರ್ಟು ಹತ್ತುವ ಜನ ನಾವು. ತೊಡಕು ಕಾನೂನಿನ ಕಣ್ಣಿನಲ್ಲಿದೆ. ಆ ಕಣ್ಣು ನಕಲಿ ಮದ್ದನ್ನು ಕಾಣಲು ಪಳಗಿದೆ, ಅಸಲಿ ಮದ್ದು ಮಾಡುವ ಕೇಡನ್ನು ಕಾಣಲು ಪಳಗಿಲ್ಲ.

ಮುಂಬಯಿಗೆ ಇದನ್ನು ಕಲಿಸಿದ ಘಟನೆ 1986ರದು. ಜನವರಿ ಕೊನೆ ಮತ್ತು ಫೆಬ್ರುವರಿ ಮೊದಲ ವಾರದ ನಡುವೆ ಬೈಕುಲಾದ ಜೆ.ಜೆ. ಆಸ್ಪತ್ರೆಯಲ್ಲಿ 14 ರೋಗಿಗಳು ಸತ್ತರು. ಅವರಿಗೆ ಕೊಟ್ಟ ಗ್ಲಿಸರಾಲ್‌ನಲ್ಲಿ ಡೈಇಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ವಿಷ ಸೇರಿತ್ತು. ಮೂತ್ರಪಿಂಡ ಕೆಟ್ಟು ಸಾವು. ಇದೇ ವಿಷ 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದಿತ್ತು, ಅಲ್ಲಿ ಮರುವರ್ಷವೇ ಹೊಸ ಔಷಧ ಕಾನೂನು ಬಂದಿತ್ತು. ಇಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಬಖ್ತಾವರ್ ಲೆಂಟಿನ್ ಅವರ ಆಯೋಗ ಕೂತಿತು. ಆಸ್ಪತ್ರೆಯ ಖರೀದಿಯಿಂದ ಹಿಡಿದು ರಾಜ್ಯದ ಔಷಧ ಇಲಾಖೆ, ಮಂತ್ರಿಯ ಕೊಠಡಿಯವರೆಗೆ ಅವರು ಯಾರನ್ನೂ ಬಿಡಲಿಲ್ಲ. ವರದಿ ಹೊರಬಂದ ಮೇಲೆ ಭಾಯಿ ಸಾವಂತ್ ಮಂತ್ರಿಗಿರಿ ಬಿಡಬೇಕಾಯಿತು. ಇಷ್ಟು ನಿರ್ಭಿಡೆಯ ವಿಚಾರಣಾ ವರದಿ ನಮ್ಮಲ್ಲಿ ಅಪರೂಪ.

ಆದರೆ ಅಲ್ಲಿ ಕಳ್ಳ ಸ್ಪಷ್ಟವಿದ್ದ: ಕಲಬೆರಕೆ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಗೆ ಇಂಥ ಅಪರಾಧ ಅರ್ಥವಾಗುತ್ತದೆ. 2008ರ ತಿದ್ದುಪಡಿಯಂತೆ ಕಲಬೆರಕೆ ಅಥವಾ ನಕಲಿ ಔಷಧಿಯಿಂದ ಸಾವು, ತೀವ್ರ ಹಾನಿ ಆದರೆ ಅಪರಾಧಿಯಿಂದ ವಸೂಲಾದ ದಂಡವನ್ನೇ ಬಾಧಿತರಿಗೆ ಪರಿಹಾರವಾಗಿ ಕೊಡಬೇಕು. ರಾನಿಟಿಡಿನ್ ಕಲಬೆರಕೆಯೂ ಅಲ್ಲ, ನಕಲಿಯೂ ಅಲ್ಲ. ಸರ್ಕಾರದ ಪರವಾನಗಿ ಪಡೆದ, ಪುಸ್ತಕದಲ್ಲಿ ಹೇಳಿದ ಹಾಗೆಯೇ ಮಾಡಿದ ಮಾತ್ರೆ ಅದು. ಅದರಿಂದ ಹಾನಿಯಾಯಿತು ಎನ್ನುವವರಿಗೆ ಈ ಕಾಯ್ದೆಯ ಬಾಗಿಲು ತೆರೆಯುವುದಿಲ್ಲ.

ಉಳಿದ ಬಾಗಿಲು ಗ್ರಾಹಕ ಕಾನೂನಿನದು. ಜೆ.ಜೆ. ಸಾವುಗಳಾದ ವರ್ಷದ ಡಿಸೆಂಬರಿನಲ್ಲೇ ಮೊದಲ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. ಸರಕು ತಯಾರಿಸಿದವನ ಹೊಣೆಯ ಬಗ್ಗೆ ಪ್ರತ್ಯೇಕ ಅಧ್ಯಾಯ ಬರಲು 2019ರ ಕಾಯ್ದೆಯವರೆಗೆ ಕಾಯಬೇಕಾಯಿತು. ಸಾಕಷ್ಟು ಎಚ್ಚರಿಕೆ ಕೊಡದೆ ಮಾರಿದರೂ ತಯಾರಕ ಹೊಣೆ ಎನ್ನುತ್ತದೆ ಅದು. ಜಾರಿಗೆ ಬಂದದ್ದು 2020ರ ಜುಲೈಯಲ್ಲಿ, ಜಿನೆಟ್ಯಾಕ್ ಅಂಗಡಿಯಿಂದ ಇಳಿದು ಹತ್ತು ತಿಂಗಳಾದ ಮೇಲೆ. ದೂರು ಕೊಡಲು ಎರಡು ವರ್ಷದ ಗಡುವು. ಕ್ಯಾನ್ಸರ್ ಗಡುವು ನೋಡಿ ಬರುವುದಿಲ್ಲ. ಇಪ್ಪತ್ತು ವರ್ಷ ಯಾವ ಕಂಪನಿಯ ಮಾತ್ರೆ ನುಂಗಿದಿರಿ ಎಂದು ಆಯೋಗ ಕೇಳಿದರೆ ತೋರಿಸಲು ಬಿಲ್ಲು ಎಲ್ಲಿದೆ? ದುಡ್ಡು ಕೊಟ್ಟವನೇ ಗ್ರಾಹಕ. ಎಲ್ಲರಿಗೂ ಉಚಿತವಾಗಿ ಕೊಡುವ ಆಸ್ಪತ್ರೆಯ ಸೇವೆ ಈ ಕಾನೂನಿನ ಹೊರಗೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತ್ತು. ಗೆದ್ದರೆ ಪಾಲು ಎಂಬ ಕರಾರಿನ ಮೇಲೆ ನಮ್ಮ ವಕೀಲರು ಮೊಕದ್ದಮೆ ಹಿಡಿಯುವಂತಿಲ್ಲ, ಜಾಹೀರಾತು ಕೊಟ್ಟು ಕಕ್ಷಿದಾರರನ್ನು ಕರೆಯುವಂತಿಲ್ಲ. ಅಮೆರಿಕದ 80,000 ದಾವೆಗಳು ನಿಂತಿದ್ದೇ ಈ ಎರಡು ಕಂಬಗಳ ಮೇಲೆ.

ಹಾಗೆಂದು ಅಮೆರಿಕದ್ದೇ ಸರಿಯಾದ ದಾರಿ ಎನ್ನಲಾರೆ. 2022ರ ಡಿಸೆಂಬರಿನಲ್ಲಿ ಫ್ಲೋರಿಡಾದ ಫೆಡರಲ್ ನ್ಯಾಯಾಧೀಶೆ ರಾಬಿನ್ ರೋಸೆನ್‌ಬರ್ಗ್, ದಾವೆದಾರರ ತಜ್ಞರ ವಿಜ್ಞಾನ ನಂಬಲರ್ಹವಲ್ಲ ಎಂದು ತಮ್ಮ ಮುಂದಿದ್ದ ಪ್ರಕರಣಗಳನ್ನು ತಳ್ಳಿಹಾಕಿದರು. ಮೊದಲು ಗುಲ್ಲೆಬ್ಬಿಸಿದ ಪ್ರಯೋಗಾಲಯ ಮಾತ್ರೆಯನ್ನು 130 ಡಿಗ್ರಿಗೆ ಕಾಯಿಸಿ ಪರೀಕ್ಷಿಸಿತ್ತು. ಯಾರ ಹೊಟ್ಟೆಯೂ ಅಷ್ಟು ಕಾಯುವುದಿಲ್ಲ. 2024ರ ಮೇಯಲ್ಲಿ ಷಿಕಾಗೋದ ಜ್ಯೂರಿ ಕಂಪನಿಯ ಪರ ನಿಂತಿತು. ಡೆಲವೇರ್ ರಾಜ್ಯದ ಕೋರ್ಟೊಂದು ಅದೇ ಬಗೆಯ ತಜ್ಞರಿಗೆ ಅವಕಾಶ ಕೊಟ್ಟಿತು. 2025ರ ಜುಲೈಯಲ್ಲಿ ಮೇಲಿನ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಅಷ್ಟರಲ್ಲಿ ರಾಜಿ ಆಗಿಹೋಗಿತ್ತು. ಸತ್ಯ ಇತ್ಯರ್ಥವಾಗುವ ಮೊದಲೇ ಹಣ ಇತ್ಯರ್ಥವಾಯಿತು. ಆದರೂ ಅಲ್ಲಿ ತಜ್ಞರನ್ನು ಕೂರಿಸಿ ಕೇಳಿದರು, ಕಂಪನಿಯ ಕಡತ ತೆಗೆಸಿದರು. ನಮ್ಮಲ್ಲಿ ಪ್ರಶ್ನೆಯೇ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ.

ರಾನಿಟಿಡಿನ್ ಇಂದಿಗೂ ನಮ್ಮಲ್ಲಿ ಸಿಗುತ್ತದೆ. ಎನ್‌ಡಿಎಂಎ ಮೇಲೆ ನಿಗಾ ಇಡಿ ಎಂದು 2025ರಲ್ಲಿ ಔಷಧ ಮಹಾನಿಯಂತ್ರಕರು ರಾಜ್ಯಗಳಿಗೆ ಮತ್ತೆ ಬರೆದರು. ಜನ ಮಾತ್ರ ಬಹುಮಟ್ಟಿಗೆ ಪ್ಯಾಂಟೊಪ್ರಜೋಲ್ ಬಳಗಕ್ಕೆ ಹೊರಳಿದ್ದಾರೆ. ಆ ಬಳಗದ ಮಾತ್ರೆಗಳಿಂದ ಮೂತ್ರಪಿಂಡಕ್ಕೆ ಹಾನಿಯಾಯಿತು ಎಂಬ ದಾವೆಗಳನ್ನು ಆಸ್ಟ್ರಾಜೆನೆಕಾ 2023ರಲ್ಲಿ ಅಮೆರಿಕದಲ್ಲಿ 42.5 ಕೋಟಿ ಡಾಲರ್ ಕೊಟ್ಟು ಮುಗಿಸಿಕೊಂಡಿತು, ಅಲ್ಲಿಯೂ ತಪ್ಪೊಪ್ಪಿಗೆ ಇಲ್ಲ. ನಮ್ಮಲ್ಲಿ ಮೂತ್ರಪಿಂಡದ ಎಚ್ಚರಿಕೆಯನ್ನು ಮಾತ್ರೆಯ ಜೊತೆಗಿನ ಚೀಟಿಯಲ್ಲಿ ಅಚ್ಚು ಹಾಕಬೇಕೆಂಬ ಸೂಚನೆ 2019ರಲ್ಲೇ ಹೋಗಿದೆ. ಆ ಚೀಟಿ ಇರುವುದು ಹತ್ತಾರು ಪಟ್ಟಿಗಳಿರುವ ಡಬ್ಬಿಯೊಳಗೆ. ದಾದರಿನ ಅಂಗಡಿಯವನು ಕತ್ತರಿಯಿಂದ ನಾಲ್ಕು ಮಾತ್ರೆ ಕತ್ತರಿಸಿ ಕೊಡುತ್ತಾನೆ. ಡಬ್ಬಿ, ಚೀಟಿ ಎರಡೂ ಅವನ ಕಪಾಟಿನಲ್ಲೇ ಉಳಿಯುತ್ತವೆ.