ಕೊಡಲಿ ಹಿಡಿದು ಕಡಲು ದಾಟಿದವರು

ಅರಸರ ವಂಶಾವಳಿಯನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವುದು ನಮ್ಮ ವೃತ್ತಿಯ ಒಂದು ಭಾಗ. ಗೋವೆಯನ್ನಾಳಿದ ಕದಂಬರ ಹೆಸರುಗಳನ್ನು ಹತ್ತು ವರುಷದ ಬಾಲಕನೂ ತಡೆಯಿಲ್ಲದೆ ಒಪ್ಪಿಸಬಲ್ಲನು. ಕಳೆದ ವರುಷ ಸಾಂಗೆಯಲ್ಲಿ ನಾವು ಪಾಠ ಹೇಳುವ ತರಗತಿಯ ಮಕ್ಕಳಿಗೆ, ತಂತಮ್ಮ ಮನೆತನದ ಮೂರು ತಲೆಗಳ ಹೆಸರು, ಊರು, ಉದ್ಯೋಗಗಳನ್ನು ಬರೆದು ತರಬೇಕೆಂದು ಹೇಳಿದೆವು. ಮರುದಿನ ಒಬ್ಬ ಹುಡುಗನು ತಂದ ಹಾಳೆಯಲ್ಲಿ ಅಜ್ಜನ ಹೆಸರಿತ್ತು. ಊರಿನ ಮನೆ ಬರಿದಾಗಿತ್ತು. ಏಕೆಂದು ಕೇಳಲು, “ಗೊತ್ತಿಲ್ರಿ ಸರ್, ಅಜ್ಜ ಗಣಿ ಕೆಲಸಕ್ಕ ಬಂದಿದ್ನಂತ್ರಿ” ಎಂದನು. ಅವನನ್ನು ಗದರಿಸುವ ಬಾಯಿ ನಮಗಿರಲಿಲ್ಲ. ಹಿಂದಿನ ರಾತ್ರಿ ಮಾದರಿಗೆಂದು ನಮ್ಮ ಮನೆತನದ ಹಾಳೆಯನ್ನೇ ಬರೆಯತೊಡಗಿ, ಅಜ್ಜನವರ ತಂದೆಯ ಹೆಸರಿನಲ್ಲಿಯೇ ನಮ್ಮ ಲೇಖನಿಯೂ ನಿಂತುಬಿಟ್ಟಿತ್ತು.

ಕೂಲಿಗಾಗಿ ಊರು ಬಿಟ್ಟವನ ಇತಿಹಾಸವು ಎಲ್ಲಿ ಉಳಿಯುತ್ತದೆ? ಈ ಪ್ರಶ್ನೆಯು ನಮ್ಮನ್ನು ಬಹುದಿನ ಬಿಡಲಿಲ್ಲ. ಇದಕ್ಕೆ ಉತ್ತರವನ್ನು ಅರಸುತ್ತ ಓದುತ್ತಿದ್ದಾಗ, ನಮ್ಮಿಂದ ಅರ್ಧಭೂಮಂಡಲದಷ್ಟು ದೂರದಲ್ಲಿರುವ ಒಂದು ಸಣ್ಣ ನಾಡಿನ ಮರಗೆಲಸಗಾರರ ಕಥೆಯು ನಮ್ಮ ಕಣ್ಣಿಗೆ ಬಿದ್ದಿತು. ಎರಡನೆಯ ಮಹಾಯುದ್ಧದಲ್ಲಿ ಅವರು ಕೋವಿ ಹಿಡಿಯಲಿಲ್ಲ. ಕೊಡಲಿ ಹಿಡಿದು ಕಡಲು ದಾಟಿದರು. ಅವರ ಮಕ್ಕಳು ಮೊಮ್ಮಕ್ಕಳು ಕೇಳಿದ ಪ್ರಶ್ನೆಗೂ ನಮ್ಮ ತರಗತಿಯ ಆ ಬರಿಯ ಮನೆಗೂ ಹತ್ತಿರದ ನಂಟಿದೆ. ಆದುದರಿಂದ ಆ ಕಥೆಯನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ಮಧ್ಯ ಅಮೆರಿಕದಲ್ಲಿ, ಕೆರಿಬಿಯನ್ ಕಡಲಿನ ದಂಡೆಯ ಮೇಲೆ ಬೆಲೀಜ್ ಎಂಬ ದೇಶವಿದೆ. 1973ರ ವರೆಗೆ ಅದಕ್ಕೆ ಬ್ರಿಟಿಷ್ ಹೊಂಡುರಾಸ್ ಎಂದು ಹೆಸರು. 1981ರಲ್ಲಿ ಅದು ಸ್ವತಂತ್ರವಾಯಿತು. ಆ ನಾಡು ಹುಟ್ಟಿದ್ದೇ ಮರದಿಂದ ಎನ್ನಬೇಕು. ಮೊದಲು ಬಣ್ಣ ತೆಗೆಯುವ ಮರಕ್ಕಾಗಿ, ತರುವಾಯ ಮಹಾಗನಿಗಾಗಿ ಆಂಗ್ಲರು ಅಲ್ಲಿ ನೆಲೆಯೂರಿದರು. ಕಡಿಯುವ ಕೆಲಸಕ್ಕೆ ಆಫ್ರಿಕದಿಂದ ಹಿಡಿದುತಂದ ಗುಲಾಮರನ್ನು ತೊಡಗಿಸಿದರು. ಗುಲಾಮಗಿರಿಯು ಹತ್ತೊಂಬತ್ತನೆಯ ಶತಮಾನದ ಮೂವತ್ತರ ದಶಕದಲ್ಲಿ ಕೊನೆಗೊಂಡರೂ ಕೊಡಲಿಯು ಕೈಬಿಡಲಿಲ್ಲ. ಆ ದೇಶದ ಲಾಂಛನದಲ್ಲಿ ಇಂದಿಗೂ ಇಬ್ಬರು ಮರಗೆಲಸಗಾರರು ನಿಂತಿದ್ದಾರೆ. ಒಬ್ಬನ ಹೆಗಲ ಮೇಲೆ ಕೊಡಲಿ, ಇನ್ನೊಬ್ಬನ ಹೆಗಲ ಮೇಲೆ ದೋಣಿಯ ಹುಟ್ಟು, ಅವರ ಮೇಲ್ಗಡೆ ಮಹಾಗನಿಯ ಮರ. ನೆರಳಿನಡಿಯಲ್ಲಿ ನಾನು ಏಳಿಗೆ ಹೊಂದುತ್ತೇನೆ ಎಂಬುದು ಅದರ ಧ್ಯೇಯವಾಕ್ಯದ ಅರ್ಥ.

ಆದರೆ ಏಳಿಗೆಯು ಕಡಿದವರ ಪಾಲಿಗೆ ಬರಲಿಲ್ಲ. 1931ರ ಸೆಪ್ಟೆಂಬರದಲ್ಲಿ ಭೀಕರವಾದ ಚಂಡಮಾರುತವೊಂದು ಬೆಲೀಜ್ ಪಟ್ಟಣವನ್ನು ನೆಲಸಮ ಮಾಡಿತು. ಅದೇ ಸುಮಾರಿಗೆ ಜಗತ್ತನ್ನೆಲ್ಲ ಹಿಡಿದ ಆರ್ಥಿಕ ಮುಗ್ಗಟ್ಟಿನಿಂದ ಮಹಾಗನಿಯ ವ್ಯಾಪಾರವು ಕುಸಿಯಿತು. ನುರಿತ ಕೈಗಳಿಗೆ ಕೆಲಸವಿಲ್ಲದೆ ಹೋಯಿತು. ಯುದ್ಧವು ಕರೆಕೊಟ್ಟಾಗ ಆ ಕೈಗಳು ಇಂಥ ಸ್ಥಿತಿಯಲ್ಲಿದ್ದವು.

ಯುದ್ಧಕ್ಕೂ ಮರಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಬ್ರಿಟನ್ನಿನ ಕಾರಖಾನೆಗಳು ನಡೆಯುತ್ತಿದ್ದುದು ಕಲ್ಲಿದ್ದಲಿನಿಂದ. ನಮ್ಮ ಸಾಂಗೆಯ ಕಡೆ ಕಬ್ಬಿಣದ ಅದಿರನ್ನು ಬಯಲಿನಲ್ಲಿಯೇ ಅಗೆದು ತೆಗೆದರು. ಕಲ್ಲಿದ್ದಲಿಗಾಗಿ ಅಲ್ಲಿಯವರು ನೆಲದಾಳದಲ್ಲಿ ಸುರಂಗ ತೋಡಬೇಕಾಗಿತ್ತು. ಸುರಂಗದ ಚಾವಣಿಯು ಕುಸಿಯದಂತೆ ಹೆಜ್ಜೆಹೆಜ್ಜೆಗೂ ಮರದ ಆಸರೆಕಂಬಗಳನ್ನು ನಿಲ್ಲಿಸಬೇಕು. ಕಂಬವಿಲ್ಲದಿದ್ದರೆ ಕಲ್ಲಿದ್ದಲಿಲ್ಲ, ಕಲ್ಲಿದ್ದಲಿಲ್ಲದಿದ್ದರೆ ಉಕ್ಕೂ ಇಲ್ಲ, ಹಡಗೂ ಇಲ್ಲ. ಇಷ್ಟಾಗಿಯೂ ಆ ದೇಶವು ತನಗೆ ಬೇಕಾದ ಮರದಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗಿಂತ ಹೆಚ್ಚನ್ನು ಪರದೇಶಗಳಿಂದ ತರಿಸುತ್ತಿತ್ತು. 1940ರ ಏಪ್ರಿಲ್ ತಿಂಗಳಲ್ಲಿ ಜರ್ಮನರು ನಾರ್ವೆಯ ಮೇಲೆ ಬಿದ್ದರು. ಬಾಲ್ಟಿಕ್ ಕಡಲಿನ ಹಾದಿಯು ಮುಚ್ಚಿತು. ಇನ್ನು ಸ್ಕಾಟ್ಲೆಂಡಿನ ಗುಡ್ಡಗಾಡುಗಳ ಮರವನ್ನು ಬಹುವಾಗಿ ನೆಚ್ಚಬೇಕಾಯಿತು. ಮರವೇನೋ ಇತ್ತು, ಕಡಿಯಬೇಕಾದ ಗಂಡಸರು ಸೈನ್ಯಕ್ಕೆ ಹೋಗಿದ್ದರು.

ಆದುದರಿಂದ ಸಾಮ್ರಾಜ್ಯದ ಮೂಲೆಮೂಲೆಗಳಿಂದ ಕೊಡಲಿಯವರನ್ನು ಕರೆಯಿಸಿದರು. ನ್ಯೂಫೌಂಡ್ಲೆಂಡಿನಿಂದ 1939ರಲ್ಲಿಯೇ ಜನರು ಹೊರಡತೊಡಗಿ, ಯುದ್ಧವು ಮುಗಿಯುವುದರೊಳಗೆ ಮೂರೂವರೆ ಸಾವಿರಕ್ಕೂ ಮಿಕ್ಕಿ ಬಂದರು. ಕೆನಡಾ, ಆಸ್ಟ್ರೇಲಿಯಗಳಿಂದಲೂ ತುಕಡಿಗಳು ಬಂದವು. 1942ರಲ್ಲಿ ಹೆಣ್ಣುಮಕ್ಕಳದೇ ಒಂದು ಮರಗೆಲಸದ ಪಡೆಯು ಏರ್ಪಟ್ಟಿತು. ಬ್ರಿಟಿಷ್ ಹೊಂಡುರಾಸಿನಿಂದ 1941ರಲ್ಲಿ ಒಂದು ತಂಡ, 1942ರಲ್ಲಿ ಇನ್ನೊಂದು ತಂಡ, ಹೀಗೆ ಒಟ್ಟು ಸುಮಾರು 900 ಮಂದಿ ಬಂದರು. ಆ ನಾಡಿನ ಅಂದಿನ ಜನಸಂಖ್ಯೆಯು 60 ಸಾವಿರದ ಆಸುಪಾಸಿನಲ್ಲಿತ್ತೆಂಬುದನ್ನು ನೆನೆದರೆ ಈ ಸಂಖ್ಯೆಯ ತೂಕವು ತಿಳಿದೀತು.

ಅವರನ್ನು ಈಸ್ಟ್ ಲಿಂಟನ್ ಬಳಿಯ ಟ್ರಾಪ್ರೇನ್ ಗುಡ್ಡದ ಹತ್ತಿರ, ಡನ್ಸ್ ಎಂಬ ಊರಿನ ಹತ್ತಿರ, ಮತ್ತು ಕರ್ಕ್‌ಪ್ಯಾಟ್ರಿಕ್ ಫ್ಲೆಮಿಂಗ್ ಎಂಬಲ್ಲಿ ಬಿಡಾರಗಳಲ್ಲಿ ಇರಿಸಿದರು. ಉಷ್ಣದೇಶದ ಮೈ, ಹಿಮ ಬೀಳುವ ಕಾಡು. ಮೊದಲ ತಂಡದವರು ಬಂದಾಗ ಬಿಡಾರಗಳು ಪೂರ್ತಿ ಸಿದ್ಧವಾಗಿರಲಿಲ್ಲ. ಚಳಿಗೆ ತಕ್ಕ ಬಟ್ಟೆಯೂ ಸಾಲದು, ಕಾಯಿಸಿಕೊಳ್ಳಲು ಬೆಂಕಿಯೂ ಸಾಲದು. ಅನೇಕರು ರೋಗದಲ್ಲಿ ಬಿದ್ದರು. ಜಮೈಕದಲ್ಲಿ ಹುಟ್ಟಿ ಲಂಡನ್ನಿನಲ್ಲಿ ವೈದ್ಯರಾಗಿದ್ದ ಹೆರಾಲ್ಡ್ ಮೂಡಿಯವರು 1931ರಲ್ಲಿ ಕಪ್ಪುಜನರ ಹಿತಕ್ಕಾಗಿ ಒಂದು ಸಂಘವನ್ನು ಸ್ಥಾಪಿಸಿದ್ದರು. ಈ ಕೆಲಸಗಾರರ ದುಃಸ್ಥಿತಿಯನ್ನು ಸರಕಾರದ ಕಿವಿಗೆ ಮುಟ್ಟಿಸಲು ಆ ಸಂಘವು ದುಡಿಯಿತು.

ಚಳಿಗಿಂತಲೂ ಕಠಿಣವಾದುದು ಬೇರೆಯೊಂದಿತ್ತು. ಊರ ಜನರಲ್ಲಿ ಬಹಳ ಮಂದಿ ಈ ಪರದೇಶಿಗಳನ್ನು ಆದರದಿಂದಲೇ ಕಂಡರು. ಕುಣಿತದ ಕೂಟಗಳಿಗೆ ಕರೆದರು. ಮನೆಗೆ ಚಹಕ್ಕೆ ಕರೆದರು. ಸ್ನೇಹ ಬೆಳೆಯಿತು, ಮದುವೆಗಳೂ ಆದವು. ಇದು ದೊಡ್ಡವರೆನಿಸಿಕೊಂಡವರಿಗೆ ಸಹನೆಯಾಗಲಿಲ್ಲ. ಆ ಸೀಮೆಯಲ್ಲಿ ವಿಸ್ತಾರವಾದ ಭೂಮಿಯುಳ್ಳ ಬಕ್ಲೂ ಡ್ಯೂಕರು 1942ರಲ್ಲಿ, ಈ ಕಪ್ಪುಜನರು ಸ್ಥಳೀಯ ಹೆಣ್ಣುಮಕ್ಕಳೊಡನೆ ಬೆರೆಯುವುದನ್ನು ಆಕ್ಷೇಪಿಸಿ ವಸಾಹತು ಖಾತೆಯ ಹೆರಾಲ್ಡ್ ಮ್ಯಾಕ್‌ಮಿಲನ್ನರಿಗೆ ಪತ್ರ ಬರೆದರು. ಇದೇ ಮ್ಯಾಕ್‌ಮಿಲನ್ನರು ಮುಂದೆ 1957ರಲ್ಲಿ ಪ್ರಧಾನಮಂತ್ರಿಗಳಾದರು. ಮರ ಬೇಕು, ಮರ ಕಡಿಯುವ ಕೈ ಬೇಕು. ಆ ಕೈಯ ಹಿಂದಿರುವ ಮನುಷ್ಯನು ಬೇಡ! ದುಡಿಮೆಗಾರನನ್ನು ಕರೆದು ತಂದ ದೇಶಗಳೆಲ್ಲ ಬಹುಮಟ್ಟಿಗೆ ಹೀಗೆಯೇ ನಡೆದುಕೊಂಡಿವೆ.

ಯುದ್ಧವು ಇನ್ನೂ ನಡೆದಿರುವಾಗಲೇ, 1943ರಲ್ಲಿ, ಸರಕಾರವು ಈ ಪಡೆಯನ್ನು ವಿಸರ್ಜಿಸಿತು. ಹೆಚ್ಚಿನವರನ್ನು ಹಡಗು ಹತ್ತಿಸಿ ತಾಯ್ನಾಡಿಗೆ ಕಳುಹಿಸಿದರು. ಸುಮಾರು 350 ಮಂದಿ ಬ್ರಿಟನ್ನಿನಲ್ಲಿಯೇ ಉಳಿದು, ತಮ್ಮ ದಾರಿಯನ್ನು ತಾವೇ ನೋಡಿಕೊಂಡರು. ಉಳಿದವರಲ್ಲಿ ಕೆಲವರು ಸಂಸಾರ ಹೂಡಿದರು. ಹಿಂತಿರುಗಿದವರಲ್ಲಿ ಕೆಲವರ ಮಕ್ಕಳು ಸ್ಕಾಟ್ಲೆಂಡಿನಲ್ಲಿ ತಂದೆಯ ಮುಖವನ್ನೇ ಕಾಣದೆ ಬೆಳೆದರು.

ಮನೆತನದ ಇತಿಹಾಸವು ತೊಡಕಿಗೆ ಸಿಕ್ಕುವುದು ಈ ಘಟ್ಟದಲ್ಲಿ. ಸೈನಿಕನಾದರೆ ಅವನಿಗೊಂದು ಸಂಖ್ಯೆ, ಒಂದು ಸೇವಾಪತ್ರ, ಒಂದು ಪದಕ. ಮಡಿದರೆ ಕಲ್ಲಿನ ಮೇಲೆ ಒಂದು ಹೆಸರು. ಮರಗೆಲಸದವನು ಸರಬರಾಜು ಖಾತೆಯ ಕೂಲಿಗಾರನು. ಯುದ್ಧಕ್ಕಾಗಿಯೇ ಬಂದವನಾದರೂ ಅವನು ಯೋಧನಲ್ಲ. ಮೊಮ್ಮಗನು ಸೈನ್ಯದ ದಫ್ತರವನ್ನು ಹುಡುಕಿದರೆ ಅಜ್ಜನು ಅಲ್ಲಿಲ್ಲ. ನ್ಯೂಫೌಂಡ್ಲೆಂಡಿನವರಿಗೂ ಇದೇ ಗತಿಯಾಯಿತು. ಆ ನಾಡು 1949ರಲ್ಲಿ ಕೆನಡಾವನ್ನು ಸೇರಿತು. ಯುದ್ಧ ಮಾಡಿದವರ ಸಾಲಿಗೆ ಆ ಮರಗೆಲಸಗಾರರನ್ನು ಸೇರಿಸುವ ಶಾಸನವು ಬರಲು 2000ದ ವರೆಗೆ ಕಾಯಬೇಕಾಯಿತು. ಅಷ್ಟರೊಳಗೆ ಎಷ್ಟೋ ಮಂದಿ ತೀರಿಕೊಂಡಿದ್ದರು.

ಹಾಗಾದರೆ ಆ ಮನೆಗಳವರು ಅಜ್ಜನನ್ನು ಎಲ್ಲಿ ಹುಡುಕಬೇಕು? ಒಂದು ದಾರಿಯು ಲಗ್ನದ ದಾಖಲೆಯಲ್ಲಿದೆ. ಸ್ಕಾಟ್ಲೆಂಡಿನಲ್ಲಿ 1855ರಿಂದ ನಡೆದುಬಂದ ನಾಗರಿಕ ನೋಂದಣಿಯಲ್ಲಿ ವಧೂವರರ ಉದ್ಯೋಗವಲ್ಲದೆ ಇಬ್ಬರ ತಂದೆತಾಯಿಗಳ ಹೆಸರನ್ನೂ, ತಾಯಿಯ ತವರಿನ ಹೆಸರನ್ನೂ ಬರೆಯುವ ರೂಢಿಯಿದೆ. ಈಸ್ಟ್ ಲಿಂಟನ್ನಿನಲ್ಲಿ ಮದುವೆಯಾದ ಮರಗೆಲಸಗಾರನೊಬ್ಬನ ಒಂದೇ ಸಾಲಿನಿಂದ ಕಡಲಾಚೆಯ ಎರಡು ತಲೆಗಳು ಬೆಳಕಿಗೆ ಬರಬಲ್ಲವು. ಇನ್ನೊಂದು ದಾರಿಯು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಫ್ತರಖಾನೆಯಲ್ಲಿದೆ. ಅಲ್ಲಿ ವಸಾಹತು ಖಾತೆಯ ಕಡತಗಳಿವೆ, ಹಡಗಿನ ಪ್ರಯಾಣಿಕರ ಪಟ್ಟಿಗಳಿವೆ. ಆದರೆ ಮದುವೆಯಿಲ್ಲದೆ ಹುಟ್ಟಿದ ಮಗುವಿನ ವಿಷಯದಲ್ಲಿ, ತಂದೆಯು ಬಂದು ತಾಯಿಯೊಡನೆ ರುಜು ಹಾಕಿದ ಹೊರತು ಅವನ ಹೆಸರನ್ನು ದಾಖಲಿಸುತ್ತಿರಲಿಲ್ಲ. ಹಡಗು ಹತ್ತಿ ಹೋದವನು ರುಜು ಹಾಕುವುದೆಂತು? ಅಂಥ ಮಗುವಿಗೆ ತಂದೆಯ ವಿಷಯವಾಗಿ ಉಳಿಯುವ ದಾಖಲೆಯೆಂದರೆ ತಾಯಿಯ ಬಾಯಿಮಾತು ಮಾತ್ರ. ತಾಯಿಯು ಹೇಳಿದರೆ ಉಂಟು, ಹೇಳದಿದ್ದರೆ ಇಲ್ಲ.

ಈ ಪಡೆಯ ಇತಿಹಾಸವನ್ನು ಬರೆದವರು ಯಾರೆಂದು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಆ ಪಡೆಯಲ್ಲಿಯೇ ದುಡಿದ ಏಮಸ್ ಫೋರ್ಡ್ ಎಂಬವರು 1985ರಲ್ಲಿ ತಾವಾಗಿಯೇ ಅದನ್ನು ಪುಸ್ತಕವಾಗಿ ಬರೆದರು. 2004ರಲ್ಲಿ, ಅಂದು ಬದುಕಿದ್ದ ಕೆಲವರ ಮಾತುಗಳನ್ನು ಸೆರೆಹಿಡಿದು ಸಾಕ್ಷ್ಯಚಿತ್ರವೊಂದು ತಯಾರಾಯಿತು. ಅವರ ಪೈಕಿ ಎಡಿನ್‌ಬರೋದಲ್ಲಿ ನೆಲೆಸಿದ್ದ ಸ್ಯಾಮ್ ಮಾರ್ಟಿನೆಜ್ ಎಂಬವರು 106 ವರುಷ ಬಾಳಿ 2016ರಲ್ಲಿ ತೀರಿಕೊಂಡರು. ಫೋರ್ಡರು ಬರೆಯದೆ ಇದ್ದರೆ, ಮಾರ್ಟಿನೆಜರು ಹೇಳದೆ ಇದ್ದರೆ, ಈಗ ನಾವು ಇದನ್ನು ಬರೆಯುವ ಸಂಭವವೇ ಇರುತ್ತಿರಲಿಲ್ಲ.

ಇಷ್ಟು ದೂರದ ಕಥೆ ನಮಗೇಕೆಂದು ಯಾರೂ ಅನ್ನದಿರಲಿ. ಮೊದಲನೆಯ ಮಹಾಯುದ್ಧದಲ್ಲಿ, 1917ರಲ್ಲಿ, ಹಿಂದೂಸ್ಥಾನದಿಂದಲೂ ಸುಮಾರು 50 ಸಾವಿರ ಕೂಲಿಗಾರರು ಫ್ರಾನ್ಸಿಗೆ ಹೋಗಿದ್ದರು. ಅವರಲ್ಲಿ ಎಷ್ಟು ಜನರ ಹೆಸರು ಅವರವರ ಮನೆಗಳಲ್ಲಿ ಉಳಿದೀತು! ಅಷ್ಟು ದೂರವೂ ಹೋಗುವುದು ಬೇಡ. ಹಿಂದೆ ನಮ್ಮ ಸಾಂಗೆ ತಾಲೂಕಿಗೇ ಸೇರಿದ್ದ ಕುಳೆಯ ಮೇಲಿಂದ ಘಟ್ಟವನ್ನೇರಿ ಕ್ಯಾಸಲ್‌ರಾಕಿಗೆ ಹೋಗುವ ರೈಲುದಾರಿಯು 1888ರಲ್ಲಿ ತೆರೆಯಿತು. ಅದನ್ನು ಕಟ್ಟಿಸಿದ ಕಂಪನಿಯ ಹೆಸರು ಪುಸ್ತಕಗಳಲ್ಲಿದೆ. ಬಂಡೆಯನ್ನು ಒಡೆದವರ ಹೆಸರು ಎಲ್ಲಿಯೂ ಇಲ್ಲ. 1961ರಲ್ಲಿ ಗೋವೆಯು ಬಿಡುಗಡೆ ಹೊಂದಿದ ತರುವಾಯ ಗಣಿಗೆಂದು, ರಸ್ತೆಗೆಂದು, ಕಟ್ಟಡಗಳಿಗೆಂದು ಘಟ್ಟ ಇಳಿದು ಬಂದ ಕನ್ನಡಿಗರೆಷ್ಟು! 2012ರಲ್ಲಿಯೂ ಮತ್ತೆ 2018ರಲ್ಲಿಯೂ ಗಣಿಗಳು ನಿಂತಾಗ ಗಂಟುಮೂಟೆ ಕಟ್ಟಿದ ಸಂಸಾರಗಳೆಷ್ಟು! ಸಾಳಾವಳಿಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಕುರ್ಡಿ ಗ್ರಾಮವು ವರುಷವರುಷವೂ ಬೇಸಗೆಯಲ್ಲಿ ನೀರಿಳಿದಾಗ ಮೇಲೆ ಕಾಣಿಸಿಕೊಳ್ಳುತ್ತದೆ. ಆ ಊರಿನವರು ಬಂದು ತಮ್ಮ ಮನೆಗಳ ಅಡಿಪಾಯವನ್ನು ಗುರುತಿಸಿ ಮಕ್ಕಳಿಗೆ ತೋರಿಸುತ್ತಾರೆ. ದುಡಿಯಬಂದವನಿಗೆ ಹಾಗೆ ತೋರಿಸಲು ಅಡಿಪಾಯವೂ ಇಲ್ಲ. ಅವನ ಊರು ಅವನ ನೆನಪಿನಲ್ಲಿ ಮಾತ್ರ ಇರುತ್ತದೆ. ಅವನು ಹೋದೊಡನೆ ಅದೂ ಮುಳುಗುತ್ತದೆ.

ಆ ಹುಡುಗನ ಮನೆಗೆ ಒಂದು ಸಾಯಂಕಾಲ ನಾವು ಹೋದೆವು. ಅಜ್ಜನು ತೀರಿಕೊಂಡು ಬಹಳ ವರುಷವಾಗಿತ್ತು. ಅಜ್ಜಿಯವರು ಗೋವೆಯ ಬಿಡಾರದಲ್ಲಿಯೇ ಮದುವೆಯಾಗಿ ಬಂದವರು. “ನಾ ಆ ಊರು ಕಣ್ಣೀಲೆ ನೋಡಿಲ್ರಿ ಮಾಸ್ತರ್ರ. ಬನಶಂಕರಿ ತೇರಿಗೆ ನಸುಕಿನ್ಯಾಗ ನಡಕೋತ ಹೊಂಟ್ರ ಊಟದ ಹೊತ್ತಿಗೆ ಮುಟ್ಟತಿದ್ವಿ ಅಂತ ಅವರು ಹೇಳತಿದ್ರು” ಎಂದರು. ಇಷ್ಟು ವರುಷ ಯಾರೂ ಕೇಳಿರಲಿಲ್ಲ. ಅದರಿಂದ ಅವರೂ ಹೇಳಿರಲಿಲ್ಲ. ಊರಿನ ಹೆಸರು ಇನ್ನೂ ಸಿಕ್ಕಿಲ್ಲ. ಆದರೂ ಹುಡುಗನು ತನ್ನ ಹಾಳೆಯ ಬರಿಯ ಮನೆಯಲ್ಲಿ, “ಬಾದಾಮಿ ಕಡೆ, ಬನಶಂಕರಿಯಿಂದ ಅರ್ಧ ದಿನದ ಹಾದಿ” ಎಂದು ಬರೆದನು. ನಾವು ಅದಕ್ಕೆ ಪೂರ್ಣಾಂಕ ಕೊಟ್ಟೆವು.

ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ನಿಮ್ಮ ಮನೆಯಲ್ಲಿ ಹಿರಿಯರೊಬ್ಬರು ಇದ್ದರೆ ಈ ವಾರವೇ ಒಂದು ಹಾಳೆ ಹಿಡಿದು ಅವರ ಬಳಿ ಕುಳಿತುಕೊಳ್ಳಿರಿ. ಯಾವ ಊರು, ಯಾರ ಮಗ, ಯಾರ ಜೊತೆಯಲ್ಲಿ ಬಂದಿರಿ, ಮೊದಲ ಕೂಲಿ ಎಷ್ಟು, ಯಾವ ಜಾತ್ರೆಗೆ ಹೋಗುತ್ತಿದ್ದಿರಿ ಎಂದು ಕೇಳಿರಿ. ಹಳೆಯ ಹಾಜರಿ ಚೀಟಿ, ರೇಷನ್ ಕಾರ್ಡು, ಊರಿನಿಂದ ಬಂದ ಕಾಗದ ಯಾವುದಿದ್ದರೂ ಎಸೆಯಬೇಡಿರಿ. ನಮ್ಮ ಲೇಖನಿಯು ನಿಂತಿದ್ದ ಹೆಸರನ್ನು ಕೇಳಿ ತಿಳಿಯಲು ನಾವೂ ಈ ಬೇಸಗೆಯಲ್ಲಿ ಘಟ್ಟ ಹತ್ತಿ ದೊಡ್ಡಮ್ಮನವರ ಬಳಿಗೆ ಹೋಗುವವರಿದ್ದೇವೆ. ಅವರಿಗೆ ಈಗ 87 ವರುಷ.