ರಾಮ್ಸೆ ಮನೆಯವರ ಪಿಶಾಚಿ ಬೇಟೆ

ದೆವ್ವವನ್ನು ನಮ್ಮ ಜನ ಬಿಡಿಸುತ್ತಾರೆ, ಕೊಲ್ಲುವುದಿಲ್ಲ. ಮೈಮೇಲೆ ಬಂದದ್ದನ್ನು ಮಂತ್ರವಾದಿ ಮೊಟ್ಟಮೊದಲು ಕೇಳುವ ಪ್ರಶ್ನೆ "ನೀನು ಯಾರು, ನಿನಗೇನು ಬೇಕು?" ಎಂಬುದು. ಅದು ಕೋಳಿ ಕೇಳುತ್ತದೆ, ಸೀರೆ ಕೇಳುತ್ತದೆ, ಇಲ್ಲವೆ ಬದುಕಿದ್ದಾಗ ತನಗಾದ ಅನ್ಯಾಯವನ್ನು ಹೇಳಿಕೊಂಡು ಅಳುತ್ತದೆ. ಕೊಡುವುದನ್ನು ಕೊಟ್ಟು, ಬೆದರಿಸುವಷ್ಟು ಬೆದರಿಸಿ, ಊರಾಚೆಯ ಹುಣಸೆಮರದವರೆಗೆ ಅದನ್ನು ಕಳಿಸಿಬರುವುದು ಪದ್ಧತಿ. ರಾಕ್ಷಸರ ಮಾತು ಬೇರೆ. ಅವರನ್ನು ಕೊಲ್ಲಲೇಬೇಕು, ಆದರೆ ಆ ಕೆಲಸ ದೇವರದು, ನಮ್ಮ ನಿಮ್ಮಂಥವರದಲ್ಲ. ಹೀಗೆ ಎರಡು ಬೇರೆ ಬೇರೆ ಖಾತೆಗಳಲ್ಲಿದ್ದ ದೆವ್ವವನ್ನೂ ರಾಕ್ಷಸನನ್ನೂ ಒಂದೇ ದೇಹದಲ್ಲಿ ಸೇರಿಸಿ, ಅದನ್ನು ಬೇಟೆಯಾಡುವ ಹೊಣೆಯನ್ನು ಕಾಲೇಜು ಹುಡುಗರ ಕೈಗೆ ಕೊಟ್ಟವರು ಮುಂಬಯಿಯ ರಾಮ್ಸೆ ಸೋದರರು. ಅವರ ಚಿತ್ರಗಳನ್ನು ವಿಮರ್ಶಕರು ಬಹುಕಾಲ ಮೂಗು ಮುಚ್ಚಿಕೊಂಡೇ ನೋಡಿದರು. ಬಹುಮಂದಿ ನೋಡಲೂ ಇಲ್ಲ. ನನಗೆ ಅವುಗಳಲ್ಲಿ ಇತಿಹಾಸಕ್ಕೆ ಸೇರಬೇಕಾದ ಸಂಗತಿ ಇದೆಯೆಂದು ತೋರುತ್ತದೆ.

ಹಿಂದಿ ಚಿತ್ರಗಳಲ್ಲಿ ದೆವ್ವ ಅದಕ್ಕೆ ಮೊದಲು ಇರಲಿಲ್ಲವೆಂದಲ್ಲ. ೧೯೪೯ರಲ್ಲಿ ಕಮಾಲ್ ಅಮ್ರೋಹಿ 'ಮಹಲ್' ತೆಗೆದರು. ಬಿಳಿಯ ಉಡುಪಿನ ಮಧುಬಾಲಾ ಪಾಳು ಬಂಗಲೆಯ ಉಯ್ಯಾಲೆಯಲ್ಲಿ ಕಂಡು ಮಾಯವಾದರೆ ದೇಶಕ್ಕೆ ದೇಶವೇ ಬೆವೆತಿತು. ಆದರೆ ಕೊನೆಗೆ ಅವಳು ಪ್ರೇತವಲ್ಲ, ತೋಟದ ಮಾಲಿಯ ಮಗಳು. ೧೯೬೨ರ 'ಬೀಸ್ ಸಾಲ್ ಬಾದ್', ೧೯೬೪ರ 'ವೋ ಕೌನ್ ಥೀ' ಚಿತ್ರಗಳೂ ಇದೇ ಜಾಡಿನವು. ಎರಡೂವರೆ ಗಂಟೆ ಹೆದರಿಸಿ, ಕಡೆಯ ಹತ್ತು ನಿಮಿಷದಲ್ಲಿ ಯಾರದೋ ಒಳಸಂಚನ್ನು ಬಯಲು ಮಾಡಿ, ದೆವ್ವವೆಂಬುದಿಲ್ಲ ಎಂದು ಸಮಾಧಾನ ಹೇಳಿ ಮನೆಗೆ ಕಳಿಸುತ್ತಿದ್ದರು. ದೆವ್ವವೇ ಇಲ್ಲದ ಮೇಲೆ ಬೇಟೆಯೆಲ್ಲಿ? ಅಲ್ಲಿ ಇದ್ದದ್ದು ಪತ್ತೇದಾರಿ ಮಾತ್ರ.

ಬೇಟೆಯ ಕಲ್ಪನೆ ಬಂದದ್ದು ಬಹುಮಟ್ಟಿಗೆ ಇಂಗ್ಲೆಂಡಿನಿಂದ. ಥೇಮ್ಸ್ ನದಿಯ ದಂಡೆಯ ಬ್ರೇ ಎಂಬಲ್ಲಿ ಒಂದು ಹಳೆಯ ಬಂಗಲೆಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದ ಹ್ಯಾಮರ್ ಕಂಪನಿಯವರು ೧೯೫೮ರಲ್ಲಿ 'ಡ್ರಾಕುಲಾ' ತೆಗೆದರು. ಹಣ ಕಡಮೆ; ಒಂದೇ ಮೊಗಸಾಲೆಯನ್ನು ತಿರುಗಿಸಿ ಮುರುಗಿಸಿ ಕೋಟೆಯೆಂದು ತೋರಿಸಿದರು. ಆದರೆ ಕೊನೆಯಲ್ಲಿ ಪೀಟರ್ ಕುಷಿಂಗ್ ಮೇಜಿನ ಮೇಲೆ ಓಡಿ ಹಾರಿ ಕಿಟಕಿಯ ಪರದೆಯನ್ನು ಹರಿದು ಬಿಸಿಲು ಒಳಗೆ ಬಿಡುವುದೂ, ಎರಡು ಮೇಣದಬತ್ತಿಯ ಕಂಬಗಳನ್ನು ಅಡ್ಡಡ್ಡ ಹಿಡಿದು ಶಿಲುಬೆ ಮಾಡುವುದೂ ಮರೆಯುವ ದೃಶ್ಯಗಳಲ್ಲ. ಅಲ್ಲಿ ಬೇಟೆಗಾರ ವಿದ್ವಾಂಸ. ಅವನಿಗೆ ಪಿಶಾಚಿಯ ಶಾಸ್ತ್ರ ಗೊತ್ತು.

ರಾಮ್ಸೆ ಮನೆಯಲ್ಲಿ ವಿದ್ವಾಂಸರಿರಲಿಲ್ಲ, ರೇಡಿಯೋ ವ್ಯಾಪಾರವಿತ್ತು. ತಂದೆ ಎಫ್. ಯು. ರಾಮ್‌ಸಿಂಘಾನಿ ಕರಾಚಿಯವರು. ಅಂಗಡಿಗೆ ಬರುತ್ತಿದ್ದ ಇಂಗ್ಲಿಷರ ನಾಲಿಗೆ ತಿರುಗದೆ ಅವರ ಹೆಸರು ರಾಮ್ಸೆಯಾಯಿತಂತೆ. ದೇಶ ಒಡೆದಾಗ ಮುಂಬಯಿಗೆ ಬಂದು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಮತ್ತೆ ಅಂಗಡಿ ಹಾಕಿದರು. ಸಿನಿಮಾದ ಗೀಳು ಹತ್ತಿತು. ೧೯೫೪ರಲ್ಲಿ ಭಗತ್ ಸಿಂಗರ ಮೇಲೆ ಒಂದು ಚಿತ್ರ. ೧೯೬೩ರಲ್ಲಿ ಪೃಥ್ವಿರಾಜ್ ಕಪೂರ್, ಸುರೈಯಾ ಇದ್ದ 'ರುಸ್ತುಂ ಸೊಹ್ರಾಬ್'. ೧೯೭೦ರಲ್ಲಿ 'ಏಕ್ ನನ್ಹೀ ಮುನ್ನೀ ಲಡಕೀ ಥೀ'. ಈ ಕೊನೆಯದು ನೆಲಕಚ್ಚಿತು. ಆದರೆ ಚಿತ್ರಮಂದಿರದಲ್ಲಿ ಕೂತು ಜನರನ್ನು ನೋಡುತ್ತಿದ್ದ ಮಕ್ಕಳಿಗೆ ಒಂದು ಸಂಗತಿ ಕಂಡಿತು. ಪೃಥ್ವಿರಾಜ್ ಕಪೂರ್ ವಿಕಾರವಾದ ಮುಖವಾಡ ತೊಟ್ಟು ಕಳ್ಳತನಕ್ಕೆ ನುಗ್ಗುವ ಒಂದು ದೃಶ್ಯವಿತ್ತು. ಜನ ಅಲ್ಲಿ ಮಾತ್ರ ನೆಟ್ಟಗೆ ಕೂತು ನೋಡುತ್ತಿದ್ದರು. ಹಾಗಾದರೆ ಇಡೀ ಚಿತ್ರವೇ ಆ ಒಂದು ದೃಶ್ಯದಂತಿದ್ದರೆ ಏನಾಗಬಹುದು ಎಂದು ಮಕ್ಕಳು ತಂದೆಯನ್ನು ಒಪ್ಪಿಸಿದರೆಂದು ಕಥೆ.

ಏಳು ಮಂದಿ ಗಂಡುಮಕ್ಕಳು: ಕುಮಾರ್, ಕೇಶು, ತುಳಸಿ, ಕಿರಣ್, ಶ್ಯಾಮ್, ಗಂಗು, ಅರ್ಜುನ್. ಒಕ್ಕಲುತನದ ಮನೆಯಲ್ಲಿ ಒಬ್ಬ ನೇಗಿಲು ಹಿಡಿದರೆ ಇನ್ನೊಬ್ಬ ನೀರು ಕಟ್ಟುವಂತೆ ಇವರು ಕೆಲಸ ಹಂಚಿಕೊಂಡರು. ಕುಮಾರ್ ಕಥೆ ಬರೆದರು. ಕೇಶು, ಗಂಗು ಕ್ಯಾಮೆರಾ ಹಿಡಿದರು. ಕಿರಣ್ ಧ್ವನಿ ನೋಡಿಕೊಂಡರು. ಅರ್ಜುನ್ ಸಂಕಲನಕ್ಕೆ ಕೂತರು. ತುಳಸಿ, ಶ್ಯಾಮ್ ನಿರ್ದೇಶಿಸಿದರು. ಚಿತ್ರೀಕರಣ ನಡೆಯುವಲ್ಲಿಗೆ ಮನೆಯ ಹೆಂಗಸರೂ ಹೋಗಿ ಎಲ್ಲರಿಗೂ ಅಡಿಗೆ ಮಾಡಿ ಹಾಕಿದರು. ಜೋಸೆಫ್ ಮಾಶೆಲಿಯ ಛಾಯಾಗ್ರಹಣದ ಪಠ್ಯಪುಸ್ತಕವನ್ನು ಕಾಶ್ಮೀರದ ದೋಣಿಮನೆಯಲ್ಲಿ ಕೂತು ಅಣ್ಣತಮ್ಮಂದಿರು ಒಟ್ಟಿಗೆ ಓದಿ ಕಲಿತರಂತೆ. ಗುರುಕುಲವೆಂದರೆ ಇಷ್ಟೆ.

೧೯೭೨ರ 'ದೋ ಗಜ್ ಜಮೀನ್ ಕೇ ನೀಚೇ' ಈ ಒಟ್ಟುಕುಟುಂಬದ ಮೊದಲ ಭಯಾನಕ ಚಿತ್ರ. ಕೊಂದು ಹೂತ ಗಂಡ ಎದ್ದು ಬರುವ ಕಥೆ. ಮಹಾಬಲೇಶ್ವರದಲ್ಲಿ ಒಂದು ಸರಕಾರಿ ಅತಿಥಿಗೃಹ ಹಿಡಿದು, ನಲವತ್ತು ದಿನದೊಳಗೆ, ಸುಮಾರು ೩.೫ ಲಕ್ಷ ರೂಪಾಯಿಯಲ್ಲಿ ಮುಗಿಸಿದೆವೆಂದು ಸೋದರರು ಹೇಳಿಕೊಂಡಿದ್ದಾರೆ. ಮೂರು ವರ್ಷದ ಮೇಲೆ ಬಂದ 'ಶೋಲೆ'ಗೆ ಖರ್ಚಾದದ್ದು ಸುಮಾರು ೩ ಕೋಟಿ. ಎರಡಕ್ಕೂ ಟಿಕೆಟ್ಟಿನ ಬೆಲೆ ಒಂದೇ.

ಹಣವಿಲ್ಲದವನ ಕಲೆಯಲ್ಲಿ ಕತ್ತಲೆಗೆ ದೊಡ್ಡ ಸ್ಥಾನವುಂಟು. ಕತ್ತಲೆಗೆ ಬಾಡಿಗೆಯಿಲ್ಲ. ನೀಲಿ ದೀಪ, ಕೆಂಪು ದೀಪ, ಒಂದಷ್ಟು ಹೊಗೆ, ಕಿರುಗುಟ್ಟುವ ಬಾಗಿಲು, ದೂರದಲ್ಲಿ ನಾಯಿಯ ಊಳು. ಇನ್ನು ಬೇಕಾದದ್ದು ಒಂದು ಹವೇಲಿ. ೧೯೭೧ರಲ್ಲಿ ಸಂವಿಧಾನದ ೨೬ನೆಯ ತಿದ್ದುಪಡಿಯಿಂದ ಅರಸುಮನೆಗಳ ರಾಜಧನ ನಿಂತಿತ್ತು. ಬಣ್ಣ ಕಾಣದ ಅರಮನೆಗಳು ದೇಶದಲ್ಲಿ ಬೇಕಾದಷ್ಟು ಸಿಕ್ಕುತ್ತಿದ್ದವು. ಕೊಂಕಣ ಕರಾವಳಿಯ ಮುರುಡ್‌ನಲ್ಲಿರುವ ಜಂಜೀರಾ ನವಾಬರ ಅರಮನೆ ಇವರಿಗೆ ಒದಗಿತು. ಯಾವ ಸ್ಟುಡಿಯೋ ಬಡಗಿಯೂ ಕಟ್ಟಲಾರದ ಪಾಳುತನ ಅಲ್ಲಿತ್ತು. ಈ ಚಿತ್ರಗಳಲ್ಲಿ ಪಿಶಾಚಿ ಯಾವಾಗಲೂ ಠಾಕೂರನ ಮನೆಯದೇ ಆಗಿರುವುದು ಕೇವಲ ಕಥೆಗಾರನ ಚಾಪಲ್ಯವಲ್ಲ. ಹಳೆಯ ಯಜಮಾನಿಕೆ ಹೋಗಿ ಅದರ ಗೋಡೆಗಳು ಮಾತ್ರ ಉಳಿದ ಕಾಲದ ಗುರುತು ಎಂದು ನನ್ನ ಊಹೆ.

೧೯೮೪ರ 'ಪುರಾನಾ ಮಂದಿರ್' ಇವರ ಚಿತ್ರಗಳಲ್ಲೆಲ್ಲ ಹೆಚ್ಚು ಗೆದ್ದದ್ದು. ಕಥೆ ಇನ್ನೂರು ವರ್ಷ ಹಿಂದೆ ಪ್ರಾರಂಭವಾಗುತ್ತದೆ. ಸಾಮರಿ ಎಂಬ ನರಪಿಶಾಚಿಯನ್ನು ರಾಜ ಹಿಡಿಸುತ್ತಾನೆ. ವಿಚಾರಣೆ ನಡೆದು ಶಿರಚ್ಛೇದವಾಗುತ್ತದೆ. ರುಂಡವನ್ನು ಪೆಟ್ಟಿಗೆಯಲ್ಲಿಟ್ಟು ಸರಪಳಿ ಬಿಗಿದು ಶಿವನ ತ್ರಿಶೂಲದ ಕಾವಲಿನಲ್ಲಿ ಹವೇಲಿಯಲ್ಲಿ ಇಡುತ್ತಾರೆ. ಮುಂಡವನ್ನು ಹಳೆಯ ದೇವಸ್ಥಾನದ ಹಿಂದೆ ಹೂಳುತ್ತಾರೆ. ಸಾಯುವ ಮುನ್ನ ಅವನು ಶಾಪ ಕೊಡುತ್ತಾನೆ: ಆ ವಂಶದ ಹೆಣ್ಣುಗಳೆಲ್ಲ ಹೆರಿಗೆಯಲ್ಲಿ ಸಾಯಬೇಕು. ಮುಂದೆ ಪಟ್ಟಣದಲ್ಲಿ ಬೆಳೆದ ಠಾಕೂರನ ಮಗಳು ಒಬ್ಬ ಹುಡುಗನನ್ನು ಪ್ರೀತಿಸುತ್ತಾಳೆ. ಮದುವೆ ಬೇಡವೆನ್ನುವ ತಂದೆ ಕಾರಣವನ್ನು ಬಾಯಿಬಿಡುತ್ತಾನೆ. ಹುಡುಗ, ಹುಡುಗಿ, ಗೆಳೆಯರು ಹವೇಲಿಗೆ ಹೊರಡುತ್ತಾರೆ. ರುಂಡ ಮುಂಡ ಸೇರುತ್ತವೆ. ಆ ಮೇಲಿನದು ಬೇಟೆ.

ಇದನ್ನು ನಾನು ನಮ್ಮ ತಾಲ್ಲೂಕಿನ ಟೆಂಟ್ ಸಿನಿಮಾದಲ್ಲಿ ನೋಡಿದೆ. ನೆಲದಲ್ಲಿ ಮರಳ ಮೇಲೆ ಕೂತವರಲ್ಲಿ ಹಿಂದಿ ಬಲ್ಲವರು ಹತ್ತು ಮಂದಿಯೂ ಇದ್ದಿರಲಾರರು. ಅರ್ಥವಾಗದ ಮಾತು ಒಂದೂ ಇರಲಿಲ್ಲ. ರುಂಡವನ್ನು ಪೆಟ್ಟಿಗೆಗೆ ಹಾಕುವಾಗ ನನ್ನ ಹಿಂದೆ ಕೂತಿದ್ದ ಮುದುಕಿಯೊಬ್ಬಳು ಗಟ್ಟಿಯಾಗಿ ಕೇಳಿಬಿಟ್ಟಳು: "ಅಲ್ಲ ಕಣಪ್ಪಾ, ಅವತ್ತೇ ಸುಟ್ಟುಹಾಕಿದ್ರೆ ಆಗ್ತಿರ್ಲಿಲ್ವಾ?"

ಎಷ್ಟೋ ವಿಮರ್ಶೆಗಳಿಗಿಂತ ಈ ಪ್ರಶ್ನೆ ಆಳವಾದದ್ದು. ಒಂದು ಕಟ್ಟು ಸೌದೆ ಸಾಕಾಗಿದ್ದ ಕಡೆ ರಾಜ ಪೆಟ್ಟಿಗೆ, ಸರಪಳಿ, ತ್ರಿಶೂಲ ಎಂದು ಏರ್ಪಾಡು ಮಾಡಿ, ಕೆಲಸವನ್ನು ಅರ್ಧಕ್ಕೆ ಬಿಟ್ಟ. ಇನ್ನುಳಿದ ಅರ್ಧದ ಬೆಲೆಯನ್ನು ತೆತ್ತವರು ಯಾರು? ರಾಜನಲ್ಲ, ಅವನ ಗಂಡುಮಕ್ಕಳಲ್ಲ. ಇನ್ನೂರು ವರ್ಷ ಬಾಣಂತಿಕೋಣೆಯಲ್ಲಿ ಸತ್ತ ಸೊಸೆಯಂದಿರು, ಹೆಣ್ಣುಮಕ್ಕಳು. ಹೆರಿಗೆಯಲ್ಲಿ ಹೆಂಗಸು ಸಾಯುವುದು ನಮ್ಮ ಹಳ್ಳಿಗಳಲ್ಲಿ ಆಗ ಕಟ್ಟುಕಥೆಯಾಗಿರಲಿಲ್ಲ. ಟೆಂಟಿನ ಹೆಂಗಸರ ಪಾಲಿನಲ್ಲಿ ಆ ರಾತ್ರಿ ಉಸಿರು ಬಿಗಿಹಿಡಿದದ್ದು ಸಾಮರಿಯ ಮುಖ ಕಂಡು ಮಾತ್ರವಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಹೆಣ್ಣಿನ ಸಂಕಟವನ್ನು ಕಥೆಯ ಬುಡದಲ್ಲಿಟ್ಟ ಇವರೇ, ಅವಳನ್ನು ಸ್ನಾನದ ಮನೆಯಲ್ಲಿ ಕ್ಯಾಮೆರಾ ಎದುರು ನಿಲ್ಲಿಸಿ ಟಿಕೆಟ್ಟು ಮಾರಿದರು. 'ವಯಸ್ಕರಿಗೆ ಮಾತ್ರ' ಎಂಬ ಮುದ್ರೆಯನ್ನು ಜಾಹೀರಾತಾಗಿ ಬಳಸಿಕೊಂಡರು. ಕಾಡಿನ ಜನರನ್ನು ತೋರಿಸುವ ರೀತಿಯಂತೂ ನಾಚಿಕೆಗೇಡು. ನಡುನಡುವೆ ಜಗದೀಪ್ 'ಶೋಲೆ'ಯನ್ನು ಅಣಕಿಸುವ ಹಾಸ್ಯ ಬರುತ್ತದೆ. ಅದಕ್ಕಿಂತ ಪಿಶಾಚಿಯೇ ವಾಸಿ.

ಬೇಟೆಗಾರ ಯಾರೆಂಬುದರಲ್ಲಿಯೇ ಇವರ ಸ್ವಂತಿಕೆಯಿದೆ. ಇಂಗ್ಲಿಷ್ ಚಿತ್ರದ ವಿದ್ವಾಂಸನೂ ಇಲ್ಲ, ನಮ್ಮ ಹಳ್ಳಿಯ ಮಂತ್ರವಾದಿಯೂ ಇಲ್ಲ. ಮುಂದೆ ಬರುವವನು ಅಳಿಯನಾಗಬೇಕಾದ ಹುಡುಗ, ವಂಶಕ್ಕೆ ಸೇರದ ಹೊರಗಿನವನು. ಕೈಯಲ್ಲಿ ತ್ರಿಶೂಲ, ಕೊನೆಗೆ ಬೆಂಕಿ. ೧೯೭೯ರ ನಮ್ಮ 'ನಾ ನಿನ್ನ ಬಿಡಲಾರೆ' ಇದರ ಪಕ್ಕಕ್ಕೆ ಇಟ್ಟು ನೋಡಬೇಕಾದ ಚಿತ್ರ. ಅನಂತನಾಗ್, ಲಕ್ಷ್ಮಿ ನಟಿಸಿದ ಆ ಚಿತ್ರ ೧೯೮೧ರಲ್ಲಿ 'ಮಂಗಳಸೂತ್ರ' ಎಂಬ ಹೆಸರಿನಲ್ಲಿ ಹಿಂದಿಗೂ ಹೋಯಿತು. ಅಲ್ಲಿ ಪ್ರೇತ ಹಿಡಿದವನು ಗಂಡ. ಉಳಿಸಿಕೊಳ್ಳಲು ಹೋರಾಡುವವಳು ಹೆಂಡತಿ. ಪ್ರೇತಕ್ಕೆ ತನ್ನದೇ ಆದ ಒಂದು ಆಸೆಯಿದೆ. ಅದು ಬಿಡಿಸುವ ಕಥೆ, ಬೇಟೆಯದಲ್ಲ. ಸಾಮರಿಯನ್ನು ಮಾತ್ರ ನಿನಗೇನು ಬೇಕೆಂದು ಯಾರೂ ಕೇಳುವುದಿಲ್ಲ.

'ಪುರಾನಾ ಮಂದಿರ್' ಗೆದ್ದ ಮೇಲೆ ನಕಲುಗಳ ಸಾಲೇ ಬಂತು. ಅವುಗಳ ಮಾತು ಬೇಡ. ಸೋದರರೇ ೧೯೮೮ರಲ್ಲಿ 'ವೀರಾನಾ', ೧೯೯೦ರಲ್ಲಿ 'ಬಂದ್ ದರ್ವಾಜಾ' ತೆಗೆದರು. ಎರಡನೆಯದರಲ್ಲಿ ಮಕ್ಕಳಿಲ್ಲದ ಠಾಕೂರನ ಹೆಂಡತಿ ಕಾಳಪರ್ವತದ ಪಿಶಾಚಿಯ ಮೊರೆಹೋಗುತ್ತಾಳೆ. ಹುಟ್ಟಿದ್ದು ಗಂಡಾದರೆ ಅವಳಿಗೆ, ಹೆಣ್ಣಾದರೆ ಪಿಶಾಚಿಗೆ ಎಂಬುದು ಒಪ್ಪಂದ. ಮತ್ತೆ ಅದೇ ತಕ್ಕಡಿ. ಅಷ್ಟು ಹೊತ್ತಿಗೆ ವೀಡಿಯೋ ಅಂಗಡಿ ಟೆಂಟುಗಳನ್ನು ನುಂಗತೊಡಗಿತ್ತು. ೧೯೯೩ರಲ್ಲಿ ರಾಮ್ಸೆಯವರು ಜೀ ದೂರದರ್ಶನ ವಾಹಿನಿಗೆ 'ಜೀ ಹಾರರ್ ಶೋ' ಮಾಡಿಕೊಟ್ಟರು. ಪಿಶಾಚಿ ಬೈಠಕ್ಕಿಗೆ ಬಂತು, ಅಣ್ಣತಮ್ಮಂದಿರು ಬೇರೆಬೇರೆಯಾದರು. ತುಳಸಿ ೨೦೧೮ರಲ್ಲಿಯೂ ಶ್ಯಾಮ್ ೨೦೧೯ರಲ್ಲಿಯೂ ತೀರಿಕೊಂಡರು.

ಸಾಮರಿಯ ಪಾತ್ರ ಮಾಡಿದವರು ಅನಿರುದ್ಧ ಅಗರ್ವಾಲ್. ಓದಿನಿಂದ ಎಂಜಿನಿಯರ್, ಆರಡಿಯನ್ನು ಚೆನ್ನಾಗಿ ಮೀರಿದ ಆಳು. 'ಬಂದ್ ದರ್ವಾಜಾ'ದ ಪಿಶಾಚಿಯೂ ಅವರೇ. ೧೯೯೪ರಲ್ಲಿ ಶೇಖರ್ ಕಪೂರ್ 'ಬ್ಯಾಂಡಿಟ್ ಕ್ವೀನ್' ತೆಗೆದಾಗ ಫೂಲನ್‌ಳನ್ನು ಕೆಡಿಸುವ ಡಕಾಯಿತ ಬಾಬು ಗುಜ್ಜರ್‌ನ ಪಾತ್ರಕ್ಕೆ ಅವರನ್ನೇ ಕರೆದರು. ಪಿಶಾಚಿಯ ಬಣ್ಣವಿಲ್ಲ, ನೀಲಿ ದೀಪವಿಲ್ಲ, ಹೊಗೆಯಿಲ್ಲ, ಚಂಬಲಿನ ಹಾಡುಹಗಲು. ಸ್ವಲ್ಪ ಹೊತ್ತಿನ ಪಾತ್ರ. ಅವನ ಗುಂಪಿನವನೇ ಆದ ವಿಕ್ರಂ ಮಲ್ಲಾ ಅವನನ್ನು ಬಂದೂಕಿನಿಂದ ಸುಡುತ್ತಾನೆ.